ಅಂಕಿ-ಅಂಶ ಚೆನ್ನಾಗಿದ್ದರೂ ಆಳುವ ಪಕ್ಷದ ಅಭ್ಯರ್ಥಿ ಸೋಲುವುದು ಯಾಕೆ?

ಪ್ರಶ್ನೆ: ಸರ್, ನಾನು ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. 2024ರ ಅಮೆರಿಕದ ಅಧ್ಯಕ್ಷ ಚುನಾವಣೆಯನ್ನು ಮೊದಲಿಂದ ಕೊನೆವರೆಗೂ ನೋಡಿದ್ದೆ. ಹಣದುಬ್ಬರ ಇಳಿದಿತ್ತು. ನಿರುದ್ಯೋಗ ಶೇ 4ರ ಆಸುಪಾಸಿನಲ್ಲಿತ್ತು. ಅಧ್ಯಕ್ಷ ಬೈಡನ್ ಕಣದಿಂದ ಹಿಂದೆ ಸರಿದ ಮೇಲೆ ಜುಲೈನಲ್ಲಿ ಅಭ್ಯರ್ಥಿಯಾದ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರಿಗೆ ದುಡ್ಡಿನ ಕೊರತೆಯೂ ಇರಲಿಲ್ಲ. ಆದರೂ ಯಾವ ಪಕ್ಷದ ಕಡೆಗಾದರೂ ವಾಲಬಹುದಾಗಿದ್ದ ಏಳೂ ನಿರ್ಣಾಯಕ ರಾಜ್ಯಗಳು ಕೈತಪ್ಪಿದವು. 'ಹೆಂಗಸು ಅಂತ ಸೋಲಿಸಿದರು' ಅನ್ನುತ್ತಾರೆ ನಮ್ಮ ಭಾವ. '107 ದಿನದಲ್ಲಿ ಯಾರು ತಾನೇ ಏನು ಮಾಡೋಕಾಗುತ್ತೆ' ಅನ್ನುತ್ತಾಳೆ ನನ್ನ ಹೆಂಡತಿ. ಅವರ ಪಕ್ಷದವರು ಮತಗಟ್ಟೆಗೇ ಬರಲಿಲ್ಲ ಅಂತಲೂ ಕೇಳಿದೆ. ನಿಜವಾಗಿ ಯಾವ ಒಂದು ತಪ್ಪಿನಿಂದ ಸೋತರು? ಬೇರೆ ಯಾರಾದರೂ ಗೆಲ್ಲುತ್ತಿದ್ದರಾ? ಅವರು ನಿಮ್ಮ ಹತ್ತಿರ ಸಲಹೆಗೆ ಬಂದಿದ್ದರೆ ಏನು ಹೇಳುತ್ತಿದ್ದಿರಿ?

ಉತ್ತರ: ನೀವು ಅಕೌಂಟ್ಸ್‌ನವರು ಅಂದಿದ್ದು ಒಳ್ಳೆಯದಾಯಿತು. ಈ ವಿಷಯವನ್ನು ನಿಮ್ಮ ಭಾಷೆಯಲ್ಲಿ ಹೇಳುವುದೇ ಸುಲಭ.

ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಇವೆ. ಅಧಿಕಾರದಲ್ಲಿದ್ದ ಪಕ್ಷ ಗೆಲ್ಲೋದೇ ಕಷ್ಟ ಅನ್ನುವ ಜಾಗಕ್ಕೆ ಯಾಕೆ ಬಂದು ನಿಂತಿತ್ತು ಅನ್ನುವುದು ಒಂದು. ಅಲ್ಲಿಂದ ತಕ್ಕಡಿ ಈ ಕಡೆ ವಾಲದೆ ಆ ಕಡೆಗೇ ಯಾಕೆ ವಾಲಿತು ಅನ್ನುವುದು ಇನ್ನೊಂದು. ಟಿವಿ ಚರ್ಚೆಯಲ್ಲಿ ಎರಡನೆಯದಕ್ಕೆ ಉತ್ತರ ಹೇಳಿ, ಮೊದಲನೆಯದಕ್ಕೂ ಅದೇ ಉತ್ತರ ಅಂದುಬಿಡುತ್ತಾರೆ. ನಿಮ್ಮ ಮನೆಯ ಜಗಳ ಮುಗಿಯದಿರುವುದಕ್ಕೂ ಅದೇ ಕಾರಣ ಇರಬೇಕು.

ಎರಡನೆಯದನ್ನು ಮೊದಲು ಮುಗಿಸೋಣ, ಅದು ಬೇಗ ಮುಗಿಯುತ್ತದೆ. ಹ್ಯಾರಿಸ್ ವಿಸ್ಕಾನ್ಸಿನ್‌ನಲ್ಲಿ ಸೋತಿದ್ದು ಸುಮಾರು 29 ಸಾವಿರ ಮತಗಳಿಂದ. ಮಿಷಿಗನ್‌ನಲ್ಲಿ 80 ಸಾವಿರ, ಪೆನ್ಸಿಲ್ವೇನಿಯಾದಲ್ಲಿ 1 ಲಕ್ಷ 20 ಸಾವಿರ. ಈ ಮೂರು ರಾಜ್ಯ ಸಿಕ್ಕಿದ್ದರೆ ಅವರ 226 ಎಲೆಕ್ಟೋರಲ್ ಮತ (ರಾಜ್ಯ ಗೆದ್ದವರಿಗೆ ಸಾಮಾನ್ಯವಾಗಿ ಆ ರಾಜ್ಯದ ಪಾಲಾಗಿ ಸಿಗುವ ಮತ) ಕರೆಕ್ಟಾಗಿ 270 ಆಗುತ್ತಿತ್ತು. ಗೆಲ್ಲೋಕೆ ಬೇಕಾಗಿದ್ದೂ ಅಷ್ಟೇ. ಅಂದರೆ ಹದಿನೈದು ಕೋಟಿಗೂ ಮೀರಿ ಮತ ಬಿದ್ದ ಚುನಾವಣೆಯಲ್ಲಿ, ಮೂರು ರಾಜ್ಯಗಳ ಒಂದೂಕಾಲು ಲಕ್ಷಕ್ಕೂ ಕಡಿಮೆ ಜನ ಮನಸ್ಸು ಬದಲಿಸಿದ್ದರೆ (ಒಟ್ಟು ಅಂತರ ಸುಮಾರು 2 ಲಕ್ಷ 30 ಸಾವಿರ, ಒಬ್ಬರು ಆ ಕಡೆಯಿಂದ ಈ ಕಡೆ ಬಂದರೆ ಅಂತರ ಎರಡು ಮತ ಇಳಿಯುತ್ತದೆ) ಫಲಿತಾಂಶವೇ ಬದಲಾಗುತ್ತಿತ್ತು. ಅಂತರ ಇಷ್ಟು ಸಣ್ಣದಾದಾಗ ಯಾರು ಯಾವ ಕಾರಣ ಹೇಳಿದರೂ ಸರಿ ಅನ್ನಿಸುತ್ತದೆ. ಒಂದು ಟಿವಿ ಸಂದರ್ಶನ ಸಾಕು, ಒಂದು ಜಾಹೀರಾತು ಸಾಕು.

ಇದರ ತುತ್ತತುದಿಯ ಉದಾಹರಣೆ 2000ನೇ ಇಸವಿಯದು. ಉಪಾಧ್ಯಕ್ಷರಾಗಿದ್ದ ಆಲ್ ಗೋರ್ ಫ್ಲಾರಿಡಾವನ್ನು 537 ಮತಗಳಿಂದ ಕಳೆದುಕೊಂಡರು, ಅದರ ಜೊತೆ ಅಧ್ಯಕ್ಷ ಪದವಿಯನ್ನೂ. ಅಲ್ಲಿನ ಪಾಮ್ ಬೀಚ್ ಕೌಂಟಿಯ ಮತಪತ್ರವನ್ನು ನಾನು ಇವತ್ತಿಗೂ ತರಗತಿಯಲ್ಲಿ ಹುಡುಗರ ಕೈಗೆ ಕೊಡುತ್ತೇನೆ. ಹೆಸರುಗಳು ಎಡಕ್ಕೂ ಬಲಕ್ಕೂ ಇವೆ, ಒತ್ತಬೇಕಾದ ತೂತುಗಳು ನಡುವೆ ಒಂದೇ ಸಾಲಿನಲ್ಲಿ. ಎಡಗಡೆ ಗೋರ್ ಹೆಸರು ಎರಡನೆಯದು, ಆದರೆ ಅವರ ತೂತು ಮೂರನೆಯದು. ಎರಡನೆಯ ತೂತು ಬಲಗಡೆ ಇರುವ, ಸಣ್ಣ ಪಕ್ಷವೊಂದರ ಅಭ್ಯರ್ಥಿ ಪ್ಯಾಟ್ ಬುಕಾನನ್ ಅವರದು. 'ಗೋರ್‌ಗೆ ಮತ ಹಾಕಿ, ಹತ್ತು ಸೆಕೆಂಡ್ ಟೈಮ್' ಅಂದರೆ ಪ್ರತಿ ಸಲ ಇಬ್ಬರು ಮೂವರು ತಪ್ಪು ತೂತನ್ನೇ ಒತ್ತುತ್ತಾರೆ. ಆ ಕೌಂಟಿಯಲ್ಲಿ ಬುಕಾನನ್‌ಗೆ 3,400ಕ್ಕೂ ಜಾಸ್ತಿ ಮತ ಬಂದವು. ಒಂದಕ್ಕಿಂತ ಹೆಚ್ಚು ತೂತು ಬಿದ್ದು ತಿರಸ್ಕಾರವಾದ ಮತಪತ್ರಗಳೇ 19 ಸಾವಿರ ದಾಟಿದ್ದವು. ಹಾಗಾದರೆ ಗೋರ್ ಒಂದು ತೂತಿನಿಂದ ಸೋತರಾ? ಹೌದು, ಹಾಗೆ ಹೇಳಬಹುದು. ಆದರೆ ದೇಶದ ಆರ್ಥಿಕತೆ ಚೆನ್ನಾಗಿ ಓಡುತ್ತಿದ್ದಾಗ ಉಪಾಧ್ಯಕ್ಷರೊಬ್ಬರು 537 ಮತಕ್ಕೆ ಕೋರ್ಟ್ ಮೆಟ್ಟಿಲು ಹತ್ತುವ ಸ್ಥಿತಿಗೆ ಬಂದಿದ್ದು ಯಾಕೆ ಅಂತ ಆ ತೂತು ಹೇಳುವುದಿಲ್ಲ.

ಈಗ ನಿಮ್ಮ ಮನೆಯ ವಾದಗಳಿಗೆ ಬರುತ್ತೇನೆ.

ನಿಮ್ಮ ಶ್ರೀಮತಿಯವರ 107 ದಿನದ ಮಾತು. ಕೇಳಿದ ಕೂಡಲೇ ಒಪ್ಪಿಗೆಯಾಗುವ ವಾದ ಇದು. ಆದರೆ ಕೆನಡಾ ನೋಡಿ. 2025ರ ಜನವರಿಯಲ್ಲಿ ಅಲ್ಲಿನ ಆಳುವ ಲಿಬರಲ್ ಪಕ್ಷ ಸಮೀಕ್ಷೆಗಳಲ್ಲಿ ಶೇಕಡಾ 20 ಅಂಶಕ್ಕೂ ಹೆಚ್ಚು ಹಿಂದಿತ್ತು. ಪ್ರಧಾನಿ ಟ್ರುಡೊ ಕೆಳಗಿಳಿದರು. ಮಾರ್ಕ್ ಕಾರ್ನಿ ಮಾರ್ಚ್ 14ಕ್ಕೆ ಪ್ರಧಾನಿಯಾದರು, ಏಪ್ರಿಲ್ 28ಕ್ಕೆ ಚುನಾವಣೆ ನಡೆಯಿತು, ಲಿಬರಲ್ ಪಕ್ಷ 169 ಸೀಟು ಗೆದ್ದು ಅಧಿಕಾರ ಉಳಿಸಿಕೊಂಡಿತು. ಒಂದೂವರೆ ತಿಂಗಳು, ಅಷ್ಟೇ. ಅಂದರೆ ದಿನ ಕಡಿಮೆ ಆಗಿದ್ದೇ ಸಮಸ್ಯೆ ಅಲ್ಲ. ಇನ್ನೊಂದು ಲೆಕ್ಕವೂ ಇದೆ. ಹ್ಯಾರಿಸ್ ತಂಡ ದುಡ್ಡು, ಜನ ಎಲ್ಲ ಸುರಿದಿದ್ದು ನಿರ್ಣಾಯಕ ರಾಜ್ಯಗಳಲ್ಲಿ. ಹೆಚ್ಚು ಮತ ಜಾರಿದ್ದು ಪ್ರಚಾರವೇ ನಡೆಯದ ಕಡೆ. ನ್ಯೂಜೆರ್ಸಿಯಲ್ಲಿ ಬೈಡನ್ 2020ರಲ್ಲಿ ಸುಮಾರು 16 ಅಂಶದಿಂದ ಗೆದ್ದಿದ್ದರು, ಹ್ಯಾರಿಸ್ ಗೆದ್ದಿದ್ದು ಸುಮಾರು 6 ಅಂಶದಿಂದ. ಅಂದರೆ ಪ್ರಚಾರ ಒಂದಿಷ್ಟು ಕೆಲಸ ಮಾಡಿತ್ತು. ಎದುರಿನ ಅಲೆ ಅದಕ್ಕಿಂತ ದೊಡ್ಡದಿತ್ತು.

ಭಾವನವರ ಮಾತು. ಹೆಣ್ಣು ಅನ್ನೋ ಕಾರಣಕ್ಕೆ ಒಂದೂ ಮತ ಹೋಗಲಿಲ್ಲ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಸುಳ್ಳಾಗುತ್ತದೆ. ಆದರೆ ಅದನ್ನೇ ಮುಖ್ಯ ಕಾರಣ ಮಾಡಲು ಲೆಕ್ಕ ಕೂಡಿಬರುವುದಿಲ್ಲ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ದೇಶದಾದ್ಯಂತ ಟ್ರಂಪ್‌ಗಿಂತ ಸುಮಾರು 29 ಲಕ್ಷ ಮತ ಜಾಸ್ತಿ ಬಿದ್ದಿತ್ತು. 2024ರ ಜೂನ್‌ನಲ್ಲಿ ಪಕ್ಕದ ಮೆಕ್ಸಿಕೊದಲ್ಲಿ ಕ್ಲೌಡಿಯಾ ಶೇನ್‌ಬಾಮ್ ಸುಮಾರು ಶೇ 60 ಮತ ಪಡೆದು ಗೆದ್ದರು. ಅವರೂ ಆಳುವ ಪಕ್ಷದವರೇ. ಇನ್ನು ಹ್ಯಾರಿಸ್ ಸೋತ ಒಂದು ತಿಂಗಳಿಗೆ ಘಾನಾದಲ್ಲಿ ಉಪಾಧ್ಯಕ್ಷ ಮಹಮುದು ಬವುಮಿಯಾ ಸೋತರು. ಗಂಡಸು, ಉಪಾಧ್ಯಕ್ಷ, ಆಳುವ ಪಕ್ಷದ ಅಭ್ಯರ್ಥಿ, ಬೆಲೆ ಏರಿಕೆಯ ಸಿಟ್ಟು. ಎರಡೂ ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ಅಣ್ಣ-ತಂಗಿಯ ಹಾಗೆ ಕಾಣುತ್ತವೆ.

ಮತಗಟ್ಟೆಗೆ ಬರಲಿಲ್ಲ ಅನ್ನುವುದು ಅರ್ಧ ಸತ್ಯ. ಕೆಲವು ದೊಡ್ಡ ನಗರಗಳಲ್ಲಿ ಹಾಗಾಗಿದೆ. ಆದರೆ ವಿಸ್ಕಾನ್ಸಿನ್‌ನಲ್ಲಿ ಹ್ಯಾರಿಸ್‌ಗೆ 2020ರ ಬೈಡನ್‌ಗಿಂತ ಸುಮಾರು 37 ಸಾವಿರ ಮತ ಜಾಸ್ತಿಯೇ ಬಂದಿತ್ತು. ಬೈಡನ್ ಅಲ್ಲಿ ಗೆದ್ದಿದ್ದರು, ಇವರು ಸೋತರು. ಜಾರ್ಜಿಯಾ, ನಾರ್ತ್ ಕರೊಲಿನಾದಲ್ಲೂ ಬೈಡನ್‌ಗಿಂತ ಜಾಸ್ತಿ ಮತ ಪಡೆದು ಸೋತರು. ಅವರ ಮತ ಬೆಳೆದಿತ್ತು, ಎದುರಿನವರದು ಅದಕ್ಕಿಂತ ಜೋರಾಗಿ ಬೆಳೆದಿತ್ತು.

ಹಾಗಾದರೆ ಆ ಅಲೆ ಎಲ್ಲಿಂದ ಬಂತು? ಇಲ್ಲಿ ನಿಮ್ಮ ಪುಸ್ತಕ ತೆರೆಯೋಣ.

ಹಣದುಬ್ಬರ ಇಳಿದಿತ್ತು ಅಂದಿರಿ. ಹೌದು. 2022ರ ಜೂನ್‌ನಲ್ಲಿ ಶೇ 9.1 ಇದ್ದದ್ದು 2024ರ ಸೆಪ್ಟೆಂಬರ್‌ಗೆ ಶೇ 2.4ಕ್ಕೆ ಬಂದಿತ್ತು. ಆದರೆ ಅದು ಈ ಅವಧಿಯ ಎಂಟ್ರಿ ಮಾತ್ರ, ಬ್ಯಾಲೆನ್ಸ್ ಅಲ್ಲ. ಮತದಾರ ನೋಡುವುದು ಬ್ಯಾಲೆನ್ಸ್. ಬೈಡನ್ ಅಧಿಕಾರಕ್ಕೆ ಬಂದಾಗ 100 ಡಾಲರ್‌ಗೆ ಸಿಗುತ್ತಿದ್ದ ಸಾಮಾನಿಗೆ ಚುನಾವಣೆ ಹೊತ್ತಿಗೆ ಸುಮಾರು 120 ಡಾಲರ್ ಕೊಡಬೇಕಿತ್ತು. ಹಣದುಬ್ಬರ ಇಳಿಯಿತು ಅಂದರೆ 120 ಮತ್ತೆ 100 ಆಗುತ್ತದೆ ಅಂತಲ್ಲ, 120 ಇನ್ನು ನಿಧಾನವಾಗಿ 123 ಆಗುತ್ತದೆ ಅಂತ. 'ಹಣದುಬ್ಬರ ಕಡಿಮೆ ಮಾಡಿದ್ದೇವೆ' ಅಂತ ಮಂತ್ರಿಗಳು ಹೇಳಿದಷ್ಟೂ ಬಿಲ್ ಹಿಡಿದು ನಿಂತವರಿಗೆ ತಮ್ಮನ್ನು ಪೆದ್ದರು ಅಂದುಕೊಂಡಿದ್ದಾರೆ ಅನ್ನಿಸುತ್ತದೆ. ಜನರಿಗೆ ಅರ್ಥಶಾಸ್ತ್ರ ಗೊತ್ತಿಲ್ಲ ಅಂತ ಬೈಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇಲ್ಲಿ ಲೆಕ್ಕ ಸರಿಯಾಗಿ ಮಾಡಿದ್ದು ಜನರೇ.

ಸಂಬಳವೂ ಏರಿತ್ತಲ್ಲ ಅನ್ನಬಹುದು. ಏರಿತ್ತು. ಆದರೆ ಸಂಬಳ ಏರಿದಾಗ 'ನಾನು ದುಡಿದೆ, ಏರಿತು' ಅಂದುಕೊಳ್ಳುತ್ತೇವೆ. ಬೆಲೆ ಏರಿದಾಗ 'ಸರ್ಕಾರ ಏರಿಸಿತು' ಅನ್ನುತ್ತೇವೆ. ನಾನೂ ಹಾಗೇ, ನೀವೂ ಹಾಗೇ ಅಲ್ವಾ? ಇನ್ನೊಂದು ವ್ಯತ್ಯಾಸ: ಕೆಲಸ ಹೋದರೆ ಕೆಲವರ ಮನೆಗೆ ತೊಂದರೆ, ಬೆಲೆ ಏರಿದರೆ ಎಲ್ಲರ ಮನೆಗೂ.

ಅಮೆರಿಕದ್ದು ಒಂಟಿ ಕಥೆ ಅಲ್ಲ ಅನ್ನಲು ಅದೇ ವರ್ಷ ಸಾಕು. ಬ್ರಿಟನ್‌ನಲ್ಲಿ 14 ವರ್ಷ ಆಳಿದ ಕನ್ಸರ್ವೇಟಿವ್ ಪಕ್ಷ 121 ಸೀಟಿಗೆ ಕುಸಿಯಿತು. ಬೋಟ್ಸ್ವಾನಾದಲ್ಲಿ 1966ರಿಂದ ಅಧಿಕಾರ ಬಿಡದಿದ್ದ ಪಕ್ಷ ಮನೆಗೆ ಹೋಯಿತು. ದಕ್ಷಿಣ ಆಫ್ರಿಕಾದಲ್ಲಿ ಆಳುವ ಪಕ್ಷ ಎಎನ್‌ಸಿ 1994ರ ನಂತರ ಮೊದಲ ಸಲ ಬಹುಮತ ಕಳೆದುಕೊಂಡಿತು. ಜಪಾನಿನ ಆಳುವ ಮೈತ್ರಿಕೂಟಕ್ಕೂ ಕೆಳಮನೆಯಲ್ಲಿ ಬಹುಮತ ತಪ್ಪಿತು. ಇವರೆಲ್ಲ ಒಂದೇ ತಪ್ಪು ಮಾಡಿರಲು ಸಾಧ್ಯವೇ ಇಲ್ಲ. ಎಡದವರೂ ಸೋತರು, ಬಲದವರೂ ಸೋತರು. ಮೆಕ್ಸಿಕೊ ಬಚಾವಾಗಿದ್ದು ಯಾಕೆ ಅಂತ ಕೇಳಿ. ಅಲ್ಲಿನ ದಿನದ ಕನಿಷ್ಠ ಕೂಲಿ 2018ರಲ್ಲಿ 88 ಪೆಸೊ ಇತ್ತು, 2024ಕ್ಕೆ 249 ಪೆಸೊ ಆಗಿತ್ತು. ಸರ್ಕಾರ ಕೊಟ್ಟಿದ್ದು ಅಂತ ಎಲ್ಲರಿಗೂ ಗೊತ್ತಿದ್ದ ಏರಿಕೆ ಅದು. ಬ್ಯಾಲೆನ್ಸ್ ಎದ್ದು ಕಾಣುತ್ತಿತ್ತು.

ನಾನು ಪಾಠ ಮಾಡುವಾಗ ಒಂದು ಆಟ ಆಡಿಸುತ್ತೇನೆ. ಹೆಸರು, ಇಸವಿ ಮುಚ್ಚಿ ಮೂರೇ ಸಾಲು ಕೊಡುತ್ತೇನೆ: ಪಕ್ಷ ಎಷ್ಟು ವರ್ಷದಿಂದ ಅಧಿಕಾರದಲ್ಲಿದೆ, ಜನರ ಕೈಗೆ ಸಿಗುವ ದುಡ್ಡು ಏರಿದೆಯೋ ಇಳಿದಿದೆಯೋ, ಈಗಿರುವ ಅಧ್ಯಕ್ಷರನ್ನು ಎಷ್ಟು ಜನ ಮೆಚ್ಚುತ್ತಾರೆ. ಯಾರು ಗೆಲ್ಲುತ್ತಾರೆ ಹೇಳಿ ಅಂದರೆ ಹೆಚ್ಚಿನ ಸಲ ಸರಿ ಹೇಳುತ್ತಾರೆ. ಅಭ್ಯರ್ಥಿ ಯಾರು, ಹೇಗೆ ಮಾತಾಡುತ್ತಾರೆ ಅಂತ ಗೊತ್ತೇ ಇಲ್ಲದೆ! 2000ನೇ ಇಸವಿಯದರಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ.

ವರ್ಷಗಳ ಸಾಲು ಸುಮ್ನೆ ಇಟ್ಟಿದ್ದಲ್ಲ. 1952ರಿಂದ ಈಚೆಗೆ, ಎಂಟು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶ್ವೇತಭವನದಲ್ಲಿದ್ದ ಪಕ್ಷ ಇನ್ನೊಂದು ಅವಧಿ ಕೇಳಿದ್ದು ಒಂಬತ್ತು ಸಲ. ಗೆದ್ದಿದ್ದು ಒಂದೇ ಸಲ, 1988ರಲ್ಲಿ ರೇಗನ್ ನಂತರ ಅವರ ಉಪಾಧ್ಯಕ್ಷ ಬುಷ್. ಹಾಲಿ ಉಪಾಧ್ಯಕ್ಷರೊಬ್ಬರು ಅದಕ್ಕೆ ಮೊದಲು ಅಧ್ಯಕ್ಷ ಚುನಾವಣೆ ಗೆದ್ದಿದ್ದು 1836ರಲ್ಲಿ. ಹ್ಯಾರಿಸ್ ವಿಷಯದಲ್ಲಿ ಪಕ್ಷಕ್ಕೆ ನಾಲ್ಕೇ ವರ್ಷ ಆಗಿತ್ತು ನಿಜ. ಆದರೆ ಬೈಡನ್ ಅವರನ್ನು ಮೆಚ್ಚುವವರು ಶೇ 40ರ ಸುತ್ತಮುತ್ತ ಇದ್ದರು.

ಉತ್ತರಾಧಿಕಾರಿಯ ನಿಜವಾದ ಕಷ್ಟ ಇರುವುದು ಇಲ್ಲೇ. ಒಂದು ಸಂಸ್ಥೆ ಕೈ ಬದಲಾದಾಗ ಸಾಲದ ಜೊತೆ ಗುಡ್‌ವಿಲ್ ಕೂಡ ಹೊಸಬರಿಗೆ ಬರಬಹುದು, ರಾಜಕೀಯದಲ್ಲಿ ಸಾಲ ಹೊಸಬರ ತಲೆಗೆ ಬರುತ್ತದೆ, ಗುಡ್‌ವಿಲ್ ಮಾತ್ರ ಹಳೆಯವರ ಹೆಸರಲ್ಲೇ ಉಳಿದುಬಿಡುತ್ತದೆ. ಹಿಂದಿನವರ ಸಿಟ್ಟು ಪೂರ್ತಿ ವರ್ಗಾವಣೆಯಾಗುತ್ತದೆ, ಹಿಂದಿನವರ ಮೇಲಿನ ಪ್ರೀತಿ ಅರ್ಧಕ್ಕರ್ಧವೂ ಬರುವುದಿಲ್ಲ. 1960ರಲ್ಲಿ ಐಸೆನ್‌ಹೋವರ್ ಭಾರಿ ಜನಪ್ರಿಯ ಅಧ್ಯಕ್ಷ. ಅವರ ಉಪಾಧ್ಯಕ್ಷ ನಿಕ್ಸನ್ 'ಅನುಭವ ಇರುವವನು ನಾನು' ಅಂತ ಓಡಾಡುತ್ತಿದ್ದರು. ಆಗ ವರದಿಗಾರರೊಬ್ಬರು ಐಸೆನ್‌ಹೋವರ್‌ಗೆ ಕೇಳಿದರು: ನಿಕ್ಸನ್ ಕೊಟ್ಟ ಯಾವ ದೊಡ್ಡ ಸಲಹೆಯನ್ನು ನೀವು ಒಪ್ಪಿಕೊಂಡಿದ್ದೀರಿ? ಒಂದು ವಾರ ಟೈಮ್ ಕೊಟ್ಟರೆ ಒಂದಾದರೂ ಹೊಳೆಯಬಹುದೇನೋ, ಈಗ ನೆನಪಿಲ್ಲ ಅಂದುಬಿಟ್ಟರು! ಎದುರಾಳಿಗಳು ಅದನ್ನೇ ಟಿವಿ ಜಾಹೀರಾತು ಮಾಡಿದರು. ಇಡೀ ದೇಶದಲ್ಲಿ ನಿಕ್ಸನ್ ಹಿಂದೆ ಬಿದ್ದಿದ್ದು ಒಂದು ಲಕ್ಷ ಚಿಲ್ಲರೆ ಮತಗಳಿಂದ.

64 ವರ್ಷದ ನಂತರ ಅದೇ ಪ್ರಶ್ನೆ ತಿರುಗಾಮುರುಗಾ ಆಗಿ ಬಂತು. 2024ರ ಅಕ್ಟೋಬರ್ 8ರಂದು ಒಂದು ಟಿವಿ ಕಾರ್ಯಕ್ರಮದಲ್ಲಿ ಹ್ಯಾರಿಸ್‌ಗೆ ಕೇಳಿದರು: ಈ ನಾಲ್ಕು ವರ್ಷದಲ್ಲಿ ಬೈಡನ್‌ಗಿಂತ ಬೇರೆ ಏನಾದರೂ ಮಾಡುತ್ತಿದ್ದಿರಾ? ತಕ್ಷಣಕ್ಕೆ ಯಾವುದೂ ಹೊಳೆಯುತ್ತಿಲ್ಲ ಅನ್ನುವ ಅರ್ಥದ ಉತ್ತರ ಬಂತು. ಅದೂ ಜಾಹೀರಾತಾಯಿತು. 'ಅದೇ ಆ ಒಂದು ತಪ್ಪು' ಅಂತ ಬಹಳ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅದು ತಪ್ಪಲ್ಲ ಅಂತಲ್ಲ, ಬಾಯಿ ತಪ್ಪಿ ಬಂದ ಮಾತಲ್ಲ ಅಂತ. ಆ ಜಾಗದಲ್ಲಿ ಕೂತವರಿಗೆ ಒಳ್ಳೆಯ ಉತ್ತರವೇ ಇರುವುದಿಲ್ಲ. 'ಹೌದು, ಬೇರೆ ಮಾಡುತ್ತಿದ್ದೆ' ಅಂದರೆ ಮುಂದಿನ ಪ್ರಶ್ನೆ 'ಮತ್ತೆ ನಾಲ್ಕು ವರ್ಷ ಪಕ್ಕದಲ್ಲೇ ಕೂತಿದ್ದಿರಲ್ಲ, ಯಾಕೆ ಸುಮ್ಮನಿದ್ದಿರಿ?' 'ಇಲ್ಲ' ಅಂದರೆ ಹಳೆಯ ಸಾಲಕ್ಕೆ ಸಹಿ ಹಾಕಿದ ಹಾಗೆ. ಅಡಕತ್ತರಿಗೆ ಸಿಕ್ಕ ಅಡಿಕೆಯ ಸ್ಥಿತಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ನಾನಾಗಿದ್ದರೆ ಏನು ಹೇಳುತ್ತಿದ್ದೆ ಅಂತ. ಇಂಥ ಅಭ್ಯರ್ಥಿಯ ಮುಂದೆ ಇರುವ ದಾರಿಗಳು ಕೆಲವೇ, ಯಾವುದೂ ಪುಕ್ಕಟೆ ಅಲ್ಲ.

ಹಿಂದಿನವರ ಕೈ ಹಿಡಿದೇ ನಡೆಯುವುದು ಒಂದು. ಹಿಂದಿನವರು ಜನಪ್ರಿಯರಾಗಿದ್ದರೆ ಮಾತ್ರ ಇದು ನಡೆಯುತ್ತದೆ. ಬುಷ್ 1988ರಲ್ಲಿ, ಶೇನ್‌ಬಾಮ್ 2024ರಲ್ಲಿ ಮಾಡಿದ್ದು ಇದನ್ನೇ. ಅಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಮುಳುಗುತ್ತಾರೆ.

ಬಾಯಿಮಾತಿನಲ್ಲಿ ದೂರ ಸರಿಯುವುದು ಇನ್ನೊಂದು. ಎಲ್ಲರಿಗೂ ಮೊದಲು ಹೊಳೆಯುವುದು ಇದೇ, ನನಗೆ ಅತಿ ಕಡಿಮೆ ನಂಬಿಕೆ ಇರುವುದೂ ಇದರ ಮೇಲೇ. 1968ರಲ್ಲಿ ಉಪಾಧ್ಯಕ್ಷ ಹಂಫ್ರಿ ವಿಯೆಟ್ನಾಂ ಯುದ್ಧದ ವಿಷಯದಲ್ಲಿ ಅಧ್ಯಕ್ಷ ಜಾನ್ಸನ್‌ರಿಂದ ದೂರ ಸರಿಯಲು ಸೆಪ್ಟೆಂಬರ್ 30ರವರೆಗೆ ಕಾದರು. ಸಾಲ್ಟ್ ಲೇಕ್ ಸಿಟಿಯ ಆ ಭಾಷಣದ ನಂತರ ಅಂತರ ಕರಗುತ್ತಾ ಬಂತು, ಕೊನೆಗೆ ಶೇ 1ಕ್ಕಿಂತ ಕಡಿಮೆ ಅಂತರದಲ್ಲಿ ಸೋತರು. ತಡವಾಯಿತು. ಗೋರ್ 2000ದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರನ್ನು ದೂರವೇ ಇಟ್ಟರು. ಹಗರಣದ ಕೆಸರು ತಾಗದಿರಲಿ ಅಂತ ಹಾಗೆ ಮಾಡಿದ್ದು, ಒಳ್ಳೆಯ ಆರ್ಥಿಕತೆಯ ಹೆಸರೂ ಅದರ ಜೊತೆಗೇ ದೂರ ಹೋಯಿತು. 2008ರಲ್ಲಿ ಆಳುವ ಪಕ್ಷದ ಅಭ್ಯರ್ಥಿಯಾಗಿದ್ದ ಮೆಕೇನ್ ಕಥೆ ಇನ್ನೂ ಮಜವಾಗಿದೆ. ಚಂಡಮಾರುತದಿಂದಾಗಿ ಅಧ್ಯಕ್ಷ ಬುಷ್ (1988ರಲ್ಲಿ ಗೆದ್ದವರ ಮಗ) ಪಕ್ಷದ ಸಮಾವೇಶಕ್ಕೆ ಬರಲಾಗದೆ ವಿಡಿಯೊದಲ್ಲಿ ಮಾತಾಡಿದರು. ದೂರ ಕಾಣಿಸಿಕೊಳ್ಳಬೇಕಿದ್ದ ಅಭ್ಯರ್ಥಿಗೆ ಪ್ರಕೃತಿಯೇ ಸಹಾಯ ಮಾಡಿತ್ತು ಅನ್ನಿ. ಎರಡು ವಾರಕ್ಕೆ, ಸೆಪ್ಟೆಂಬರ್ 15ಕ್ಕೆ, ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು. ಆಮೇಲೆ ಯಾವ ದೂರವೂ ದೂರ ಅನ್ನಿಸಲಿಲ್ಲ.

ಮೂರನೆಯದು, ಕೆಲಸದಲ್ಲಿ ಬೇರೆಯಾಗಿ ತೋರಿಸುವುದು. ಇದು ನಿಜಕ್ಕೂ ನಡೆಯುತ್ತದೆ. ಬ್ರಿಟನ್‌ನಲ್ಲಿ 1990ರಲ್ಲಿ ಥ್ಯಾಚರ್ ನಂತರ ಪ್ರಧಾನಿಯಾಗಿ ಬಂದ ಜಾನ್ ಮೇಜರ್, ಜನ ಬೀದಿಗಿಳಿದು ವಿರೋಧಿಸಿದ್ದ ತಲೆಗಂದಾಯವನ್ನು ಕೈಬಿಡಲು ತೀರ್ಮಾನಿಸಿದರು. 1992ರಲ್ಲಿ ಗೆದ್ದರು. ಕಾರ್ನಿ ಪ್ರಧಾನಿಯಾದ ಮೊದಲ ದಿನವೇ ಗ್ರಾಹಕರ ಮೇಲಿನ ಕಾರ್ಬನ್ ತೆರಿಗೆಯನ್ನು ಸೊನ್ನೆ ಮಾಡುವ ಆದೇಶಕ್ಕೆ ಸಹಿ ಹಾಕಿದರು. ಅಮೆರಿಕದಿಂದ ಬಂದ ಬೆದರಿಕೆಗಳೂ ಅವರ ಪಾಲಿಗೆ ವರವಾದವು, ಅದನ್ನು ಬಿಟ್ಟು ಲೆಕ್ಕ ಹಾಕಬಾರದು. ಆದರೂ ಇಬ್ಬರಲ್ಲೂ ಸಮಾನವಾದದ್ದು ಒಂದು: ಕೈಯಲ್ಲಿ ಪೆನ್ನು ಇತ್ತು. ಸಂಸದೀಯ ಪದ್ಧತಿಯಲ್ಲಿ ನಾಯಕ ಬದಲಾದರೆ ಅಧಿಕಾರವೂ ಬದಲಾಗುತ್ತದೆ. ಅಮೆರಿಕದ ಉಪಾಧ್ಯಕ್ಷರ ಕೈಯಲ್ಲಿ ಪೆನ್ನಿಲ್ಲ, ಮೈಕ್ ಮಾತ್ರ. ಪೆನ್ನು ಇದ್ದರೆ ಗೆದ್ದೇ ಗೆಲ್ಲುತ್ತಾರೆ ಅಂತಲೂ ಅಲ್ಲ. ಬ್ರಿಟನ್ ಪ್ರಧಾನಿಯಾಗಿದ್ದ ಸುನಕ್‌ಗೆ 20 ತಿಂಗಳು ಪೆನ್ನಿತ್ತು. ಅವರಿಗಿಂತ ಮುಂಚೆ ಟ್ರಸ್ ಅವರ 49 ದಿನ ಉಳಿಸಿಹೋದ ಲೆಕ್ಕ ಅಳಿಸುವಷ್ಟು ಇಂಕು ಇರಲಿಲ್ಲ.

ಎದುರಾಳಿ ಅಪಾಯಕಾರಿ ಅಂತ ಹೆದರಿಸುವ ದಾರಿಯೂ ಇದೆ. ಜನರಿಗೆ ಗೊತ್ತಿಲ್ಲದ ಎದುರಾಳಿಯ ಮೇಲೆ ಅದು ಚೆನ್ನಾಗಿ ನಡೆಯುತ್ತದೆ, 1988ರಲ್ಲಿ ಬುಷ್ ಎದುರಾಳಿ ಡುಕಾಕಿಸ್ ಮೇಲೆ ನಡೆದ ಹಾಗೆ. ನಾಲ್ಕು ವರ್ಷ ಅಧ್ಯಕ್ಷರಾಗಿದ್ದ ಟ್ರಂಪ್ ಬಗ್ಗೆ ಹೊಸದಾಗಿ ಹೇಳುವುದೇನಿತ್ತು? ಅವರ ಬಗ್ಗೆ ಅಭಿಪ್ರಾಯ ಇಲ್ಲದವರನ್ನು ಹುಡುಕುವುದೇ ಕಷ್ಟವಾಗಿತ್ತು.

ಆದ್ದರಿಂದ, ಹ್ಯಾರಿಸ್ ಜುಲೈನಲ್ಲಿ ನನ್ನ ಹತ್ತಿರ ಬಂದಿದ್ದರೆ ಒಂದೇ ಮಾತು ಹೇಳುತ್ತಿದ್ದೆ: ಬೆಲೆಗಳ ವಿಷಯದಲ್ಲಿ ಒಂದು ಜಾಗದಲ್ಲಾದರೂ 'ನಾವು ತಪ್ಪಿದೆವು' ಅಂತ ಮೊದಲ ವಾರದಲ್ಲೇ ಹೇಳಿಬಿಡಿ, ಯಾರೂ ಕೇಳುವ ಮುಂಚೆ. ಬೈಡನ್‌ಗೆ ಬೇಜಾರಾಗಬಹುದು, ಪಕ್ಷ ಒಡೆದ ಹಾಗೆ ಕಾಣಬಹುದು, ಎದುರಾಳಿ 'ಒಪ್ಪಿಕೊಂಡರು ನೋಡಿ' ಅನ್ನಬಹುದು. ಆ ಅಪಾಯ ತೆಗೆದುಕೊಳ್ಳಿ ಅನ್ನುತ್ತಿದ್ದೆ. ಗೆಲ್ಲುತ್ತಿದ್ದರಾ? ಮೂರು ರಾಜ್ಯಗಳ ಆ 2 ಲಕ್ಷ 30 ಸಾವಿರ ಮತಗಳ ಅಂತರ ಸಣ್ಣದಾಗುತ್ತಿತ್ತೇನೋ. ಅದಕ್ಕಿಂತ ಜಾಸ್ತಿ ಭರವಸೆ ನಾನು ಕೊಡುತ್ತಿರಲಿಲ್ಲ.

ನಿಮಗೆ ಒಂದೇ ತಪ್ಪು ಬೇಕೇ ಬೇಕು ಅಂದರೆ, ನಾನು ಅಕ್ಟೋಬರ್ 8ರ ಸಂದರ್ಶನಕ್ಕೂ ಬೆರಳಿಡುವುದಿಲ್ಲ, ಬೈಡನ್ ತಡವರಿಸಿದ ಜೂನ್ 27ರ ಚರ್ಚೆಗೂ ಇಡುವುದಿಲ್ಲ. 2023ರ ಏಪ್ರಿಲ್ 25ಕ್ಕೆ ಇಡುತ್ತೇನೆ. ಬೈಡನ್ ಮತ್ತೆ ಸ್ಪರ್ಧಿಸುತ್ತೇನೆ ಅಂತ ಘೋಷಿಸಿದ್ದು ಅವತ್ತು. ಅವತ್ತು ಬಿಟ್ಟುಕೊಟ್ಟಿದ್ದರೆ ಪಕ್ಷದೊಳಗೇ ಪೈಪೋಟಿ ನಡೆದು, ಈ ಸರ್ಕಾರದಲ್ಲಿ ಕೂತಿರದ, ಯಾವುದಾದರೂ ರಾಜ್ಯದ ಗವರ್ನರ್ (ಅಲ್ಲಿ ಜನರಿಂದ ಆಯ್ಕೆಯಾಗುವ ರಾಜ್ಯದ ಮುಖ್ಯಸ್ಥರು) ಒಬ್ಬರು ಅಭ್ಯರ್ಥಿಯಾಗುವ ದಾರಿಯಾದರೂ ತೆರೆದಿರುತ್ತಿತ್ತು. ಅವರು ಹಳೆಯ ಸಾಲಕ್ಕೆ 'ನನ್ನ ಸಹಿ ಇಲ್ಲ' ಅನ್ನಬಹುದಿತ್ತು. ಪೈಪೋಟಿಯಲ್ಲಿ ಹ್ಯಾರಿಸ್ ಅವರೇ ಗೆದ್ದಿದ್ದರೆ, ಬೈಡನ್‌ಗಿಂತ ಬೇರೆ ಏನು ಮಾಡುತ್ತೀರಿ ಅನ್ನುವ ಪ್ರಶ್ನೆಯನ್ನು ಅಷ್ಟೊತ್ತಿಗೆ ನೂರು ಸಲ ಎದುರಿಸಿರುತ್ತಿದ್ದರು. ಆ ಲೆಕ್ಕದಲ್ಲಿ ನಿಮ್ಮ ಶ್ರೀಮತಿಯವರ ಮಾತಿನಲ್ಲೂ ಸತ್ಯವಿದೆ. ಕಡಿಮೆಯಾಗಿದ್ದು ಪ್ರಚಾರದ ದಿನಗಳಲ್ಲ, ಅದಕ್ಕಿಂತ ಹಿಂದಿನ ಒಂದೂಕಾಲು ವರ್ಷ.

ಭಾವನವರಿಗೆ ಮಾತ್ರ ಬವುಮಿಯಾ ಕಥೆ ಹೇಳಿ. ಅವರು ಬೇರೆ ವಾದ ಹುಡುಕಿಕೊಂಡು ಬಂದರೆ ಮತ್ತೆ ಬರೆಯಿರಿ.